ಮೂರು ಪಾರ್ಸೆಲ್, ಒಂದೇ ಗುಲಾಬಿ

ಹೋದ ವರ್ಷ ಮೇ ತಿಂಗಳಲ್ಲಿ ಚಿಕ್ಕಮಗಳೂರಿನ ನಮ್ಮ ಮನೆಗೆ ಒಂದೇ ವಾರದಲ್ಲಿ ಮೂರು ಪಾರ್ಸೆಲ್ ಬಂದವು. ಮೂರು ನರ್ಸರಿ, ತಳಿ ಮಾತ್ರ ಒಂದೇ: 'ಪೀಸ್', ಹಳದಿ ಎಸಳಿನ ಅಂಚಿಗೆ ನಸುಗೆಂಪು ಹತ್ತಿದ ಗುಲಾಬಿ. ಮೊದಲನೆಯದು ಚೀಲದ ಮಣ್ಣಿನ ಸಮೇತ, ಮೊಗ್ಗು ಹೊತ್ತು ಹಸಿರಾಗಿ ಬಂದಿತ್ತು. ಎರಡನೆಯದರ ಅರ್ಧ ಎಲೆ ಪೆಟ್ಟಿಗೆಯಲ್ಲೇ ಉದುರಿತ್ತು. ಮೂರನೆಯದು ಬರೀ ಬೋಳು ಕಡ್ಡಿ, ಬೇರಿಗೆ ಒದ್ದೆ ತೆಂಗಿನನಾರಿನ ಪುಡಿ ಸುತ್ತಿತ್ತು. "ಇದಕ್ಕೂ ದುಡ್ಡು ಕೊಟ್ಟೆಯೇನೇ?" ಎಂದರು ಅತ್ತೆ.

ಪೀಸ್ ತಳಿಯನ್ನೇ ಆರಿಸಲು ಕಾರಣವಿತ್ತು. ಫ್ರಾನ್ಸಿನ ಫ್ರಾನ್ಸಿಸ್ ಮೆಯ್ಯಾಂ 1930ರ ದಶಕದಲ್ಲಿ ಬೆಳೆಸಿದ ಒಂದೇ ಒಂದು ಸಸಿ ಅದರ ಮೂಲ. ಎರಡನೇ ಮಹಾಯುದ್ಧದ ಹೊತ್ತಿಗೆ ಕಸಿಗೆ ಬೇಕಾದ ಕಣ್ಣು (ಮೊಳಕೆ) ಹೊತ್ತ ಅದರ ಕಡ್ಡಿಗಳು ಅಮೆರಿಕ ಸೇರಿದವು. 1945ರ ಏಪ್ರಿಲ್ 29ರಂದು ಅಲ್ಲಿ ಅದಕ್ಕೆ ಈ ಹೆಸರಿಟ್ಟರು. ಇಂದು ಎಲ್ಲೇ ಇರಲಿ, ಪೀಸ್ ಗಿಡವೆಂದರೆ ಕಸಿಯಿಂದ ಕಸಿಗೆ ಸಾಗಿಬಂದ ಆ ಸಸಿಯದೇ ತುಂಡು. ನನ್ನ ಮೂರಕ್ಕೂ ವಂಶವಾಹಿ ಒಂದೇ. ವ್ಯತ್ಯಾಸ ಕಂಡರೆ ಅದು ಬೇರಿನದು, ಸಾಕಿದ ರೀತಿಯದು, ಇಲ್ಲವೇ ಪ್ರಯಾಣದ್ದು.

ಎಲೆ ಉದುರಿದ್ದಕ್ಕೆ ಗಾಬರಿ ಬೇಡ. ಮುಚ್ಚಿದ ಕತ್ತಲೆಯ ಪೆಟ್ಟಿಗೆಯಲ್ಲಿ ಗಿಡ ತಾನೇ ಬಿಡುವ ಎಥಿಲೀನ್ ಅನಿಲ ಸೇರಿಕೊಳ್ಳುತ್ತದೆ. ಅದರಿಂದ ಎಲೆತೊಟ್ಟಿನ ಬುಡದ ಕೋಶಗಳು ಸಡಿಲವಾಗಿ ಎಲೆ ಕಳಚುತ್ತದೆ. ಎಲೆಯಿದ್ದಷ್ಟೂ ನೀರು ಆವಿಯಾಗುತ್ತದೆ, ಕಿತ್ತ ಬೇರು ಅಷ್ಟು ನೀರು ಎಳೆಯಲಾರದು. ಹಾಗಾಗಿ ಎಲೆ ತೆಗೆದೇ ಕಳಿಸಿದ ಮೂರನೇ ನರ್ಸರಿಯವರು ಗಿಡ ಬಲ್ಲವರು. ಹೊಸ ಚಿಗುರಿಗೆ ಬೇಕಾದ ಪಿಷ್ಟ ಕಡ್ಡಿಯಲ್ಲೂ ಬೇರಿನಲ್ಲೂ ಇರುತ್ತದೆ. ನೆರಳಿನಲ್ಲಿಟ್ಟು ಸಾರಜನಕ ಗೊಬ್ಬರ ಸುರಿದು ಬೆಳೆಸಿದ ಗಿಡ ನೋಡಲು ಚೆಂದ, ಆದರೆ ಕಾಂಡ ಮೆದು, ಕೂಡಿಟ್ಟದ್ದು ಕಡಿಮೆ.

ನಿಜವಾಗಿ ನೋಡಬೇಕಾದದ್ದು ಕಸಿಗಂಟು, ಅಂದರೆ ಬೇರು ಕೊಡುವ ಕಾಡು ಗಿಡವೂ ಮೇಲಿನ ತಳಿಯೂ ಬೆಸೆದ ಜಾಗ. ಕಾಡು ಗುಲಾಬಿಯ ಸಿಪ್ಪೆಯನ್ನು ಇಂಗ್ಲಿಷಿನ 'ಟಿ' ಆಕಾರದಲ್ಲಿ ಸೀಳಿ, ಬೇಕಾದ ತಳಿಯ ಒಂದು ಕಣ್ಣನ್ನು ಅದರೊಳಗೆ ಕೂರಿಸಿ ಕಟ್ಟುತ್ತಾರೆ. ಸಿಪ್ಪೆಯ ಕೆಳಗೆ ಸದಾ ಹೊಸ ಕೋಶ ಹುಟ್ಟಿಸುವ ತೆಳು ಪದರ ಎರಡರದ್ದೂ ಬೆಸೆದುಕೊಂಡು, ನೀರಿನ ನಾಳಗಳು ಕೂಡಿದರೆ ಕಸಿ ಹಿಡಿದಂತೆ. ಒಳ್ಳೆಯ ಗಿಡದಲ್ಲಿ ಈ ಗಂಟಿನಿಂದಲೇ ಹಲವು ಕೊಂಬೆ ಒಡೆದಿರುತ್ತವೆ. ಅಮೆರಿಕದ ನರ್ಸರಿ ವ್ಯಾಪಾರದಲ್ಲಿ ಮೊದಲ ದರ್ಜೆಗೆ ಮೂರು ಗಟ್ಟಿ ಕೊಂಬೆ ಬೇಕು, ಅವು ಗಂಟಿನಿಂದ ಮೂರು ಇಂಚಿನೊಳಗೆ ಕವಲೊಡೆದಿರಬೇಕು. ಬೋಳು ಕಡ್ಡಿಗೆ ಪೆನ್ಸಿಲ್ ದಪ್ಪದ ಮೂರು ಕೊಂಬೆ ಇದ್ದವು. ಹಸಿರು ಗಿಡಕ್ಕೆ ಇದ್ದದ್ದು ಒಂದೇ.

ಅದರ ಚೀಲ ಹರಿದಾಗ ಬೇರು ಮಣ್ಣನ್ನು ಸಿಂಬಿಯಂತೆ ಸುತ್ತಿತ್ತು. ಬೇರು ಡೊಂಕಾದ ಕಾಫಿ ಸಸಿಯನ್ನು ನಮ್ಮೂರಿನವರು ಎಷ್ಟು ಹಸಿರಾಗಿದ್ದರೂ ಆಚೆ ಎಸೆಯುತ್ತಾರೆ. ಗುಲಾಬಿಗೆ ಮಾತ್ರ ಯಾಕೋ ಅದೇ ಕಣ್ಣು ಬಳಸುವುದಿಲ್ಲ.

ಎರಡನೆಯದರ ಬುಡದಲ್ಲಿ ಬಟಾಣಿ ಗಾತ್ರದ ಒರಟು ಗಡ್ಡೆ ಇತ್ತು. ಕಸಿಯ ಗಾಯ ಮಾಗಿದ ಉಬ್ಬು ನಯವಾಗಿರುತ್ತದೆ. ಇದು ಬೆಂಡಿನಂತೆ ಬಿರುಕುಬಿಟ್ಟಿತ್ತು. ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕೆಲಸ ಹೀಗಿರುತ್ತದೆ. ಅದು ತನ್ನ ಡಿಎನ್‌ಎಯ ಒಂದು ತುಣುಕನ್ನು ಗಿಡದ ಕೋಶದೊಳಗೇ ಸೇರಿಸಿ ಗಡ್ಡೆ ಬೆಳೆಸಿಕೊಳ್ಳುತ್ತದೆ. ಮುಂದೆ ವಿಜ್ಞಾನಿಗಳು ಗಿಡಗಳಿಗೆ ಬೇಕಾದ ಗುಣ ಸೇರಿಸಲು ಇದೇ ಜಾಣತನವನ್ನು ಎರವಲು ಪಡೆದರು. ಹಿತ್ತಿಲಲ್ಲಿ ಅದು ಶತ್ರುವೇ. ಮಣ್ಣು ಸೇರಿದರೆ ವರ್ಷಗಟ್ಟಲೆ ಹೋಗದು. ಗಿಡವನ್ನು ನೆಡದೆ ಸುಟ್ಟೆ. ಫೋಟೋ ಕಳಿಸಿದ್ದಕ್ಕೆ ನರ್ಸರಿಯವರು ದುಡ್ಡು ಹಿಂತಿರುಗಿಸಿದರು.

ಉಳಿದೆರಡನ್ನು ಅಕ್ಕಪಕ್ಕ ನೆಟ್ಟೆ. ಜುಲೈ ಮಳೆಗೆ ಎರಡಕ್ಕೂ ಒಂದೇ ವಾರದಲ್ಲಿ ಕಪ್ಪುಚುಕ್ಕೆ ರೋಗ ಬಂತು. ಎಲೆ ಏಳೆಂಟು ಗಂಟೆ ಒದ್ದೆಯಿದ್ದರೆ ಆ ಶಿಲೀಂಧ್ರಕ್ಕೆ ಸಾಕು; ಇಲ್ಲಿ ದಿನಗಟ್ಟಲೆ ಒಣಗುವುದಿಲ್ಲ. ಅದು ತಳಿಯ ದೌರ್ಬಲ್ಯ, ಅದಕ್ಕಾಗಿ ನರ್ಸರಿಯನ್ನು ದೂರುವುದು ಅನ್ಯಾಯ. ಎರಡೂ ಬೋಳಾದ ಮೇಲೆ ಬೇರಿನ ಬಲ ಬಯಲಾಯಿತು. ಸೆಪ್ಟೆಂಬರಿನಲ್ಲಿ ಹಸಿರು ಗಿಡದ ಕಸಿಗಂಟಿನ ಕೆಳಗಿನಿಂದ ಜೋರಾಗಿ ಒಂದು ಚಿಗುರು ಎದ್ದಿತು. ಒಂದು ತೊಟ್ಟಿಗೆ ಏಳು ಕಿರುಎಲೆಯಿದ್ದರೆ ಅದು ಬೇರಿನ ಗಿಡದ ಕಾಡು ಚಿಗುರು ಎನ್ನುವುದು ವಾಡಿಕೆ, ಆದರೆ ಒಳ್ಳೆಯ ತಳಿಯಲ್ಲೂ ಏಳು ಬರುತ್ತದೆ. ನಾನು ನೋಡಿದ್ದು ಎಲೆತೊಟ್ಟಿನ ಬುಡದ ಪುಟ್ಟ ರೆಕ್ಕೆ: ಬಾಚಣಿಗೆಯಂತೆ ಹರಿದ ಅಂಚು. ಅದು ಕಸಿಗೆ ಬೇರಾಗಿ ಬಳಸುವ ಮಲ್ಟಿಫ್ಲೋರಾ ಎಂಬ ಕಾಡು ಗುಲಾಬಿಯ ಗುರುತು. ಮೇಲಿನ ಪೀಸ್ ಆಗಲೇ ಒಣಗತೊಡಗಿತ್ತು.

ದೀಪಾವಳಿಗೆ ಬೋಳು ಕಡ್ಡಿಯಲ್ಲಿ ನಾಲ್ಕು ಹೂ ಅರಳಿದವು. ಮೊದಲನೆಯದನ್ನು ಅತ್ತೆಯೇ ಕೊಯ್ದು ದೇವರಿಗೆ ಇಟ್ಟರು.