ಕೆತ್ತನೆಯ ಹಿಂದಿನ ಲೆಕ್ಕ: ಹೊಯ್ಸಳ ಗುಡಿಯಿಂದ ಗೇಮ್ ಲೆವೆಲ್‌ಗೆ

2017ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಎಂಬ ವಿಡಿಯೊ ಗೇಮಿನ ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಅಮೆರಿಕದ ನಾಟಿ ಡಾಗ್ ಸ್ಟುಡಿಯೊ ರೂಪಿಸಿದ ಈ ಆಟದಲ್ಲಿ ಕ್ಲೋಯಿ ಮತ್ತು ನಡೀನ್ ಎಂಬ ಇಬ್ಬರು ಹೆಂಗಸರು ಗಣೇಶನ ದಂತವನ್ನು ಅರಸುತ್ತ ಹೊಯ್ಸಳರ ಪಾಳುನಗರ ಹೊಗುತ್ತಾರೆ. ಹೊಯ್ಸಳರ ಹೆಸರು ಕೇಳಿದ ಕನ್ನಡದ ಆಟಗಾರರ ಕಿವಿ ನಿಮಿರುವುದು ಸಹಜ. ಆದರೆ ಪರದೆಯ ಮೇಲೆ ಕಾಣುವುದು ಜಲಪಾತಗಳ ನಡುವೆ ಎದ್ದು ನಿಂತ ದೈತ್ಯ ಪ್ರತಿಮೆಗಳು. ನಿಜವಾದ ಹಳೇಬೀಡಿಗೆ ಹೋದವರಿಗೆ ಗೊತ್ತು, ಅಲ್ಲಿರುವುದು ಬಯಲು, ದೊಡ್ಡ ಕೆರೆ, ಶಿಖರವಿಲ್ಲದೆ ನೆಲಕ್ಕೆ ಹತ್ತಿರವಾಗಿ ಹರಡಿಕೊಂಡ ಗುಡಿ.

ಈ ಹಿಗ್ಗಿಸುವಿಕೆಯನ್ನು ಬರೀ ಹಾಲಿವುಡ್ ಚಾಳಿ ಎಂದು ತಳ್ಳಿಹಾಕಲಾಗದು. ಇಂಥ ಆಟಗಳಲ್ಲಿ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ, ತುಸು ಮೇಲೆ ತೇಲುತ್ತಿರುತ್ತದೆ. ಪಾತ್ರ ಇಕ್ಕಟ್ಟಾದ ಜಾಗಕ್ಕೆ ನುಗ್ಗಿದರೆ ಕ್ಯಾಮೆರಾಕ್ಕೂ ಜಾಗ ಬೇಕು; ನಡುವೆ ಕಂಬ ಬಂದರೆ ನೋಟ ಜಿಗಿಯುತ್ತದೆ, ಆಡುವವರಿಗೆ ತಲೆ ಸುತ್ತುತ್ತದೆ. ಆದ್ದರಿಂದಲೇ ಗೇಮಿನೊಳಗಿನ ಬಾಗಿಲು, ಹಜಾರ, ಚಾವಣಿಗಳನ್ನು ವಾಸ್ತವಕ್ಕಿಂತ ದೊಡ್ಡದಾಗಿ ಕಟ್ಟುವುದು ರೂಢಿ. ಬೇಲೂರಿನ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಹಜಾರದಲ್ಲಿ, ಕಂಬಗಳು ಒತ್ತೊತ್ತಾಗಿವೆ, ಕಲ್ಲಿನ ಜಾಲರಿ ಕಿಟಕಿಗಳಾದ ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು ಮಂದ. ಅಳತೆ ಬದಲಿಸದೆ ಅದನ್ನು ಹಾಗೇ ತಂದಿಟ್ಟರೆ ಆಟ ಆಡಲಾಗದು.

ಹಾಗಾದರೆ ಕಟ್ಟಡದಿಂದ ಏನನ್ನು ತೆಗೆದುಕೊಳ್ಳಬೇಕು? ಲೆವೆಲ್, ಅಂದರೆ ಆಟಗಾರ ಓಡಾಡುವ ಆಟದ ಒಂದೊಂದು ತಾಣವನ್ನು ರೂಪಿಸುವವರು ಸಾಮಾನ್ಯವಾಗಿ ನೂರಾರು ಚಿತ್ರ ಹುಡುಕಿ ಒಂದೇ ಹಾಳೆಯಲ್ಲಿ ಹರಡಿಕೊಳ್ಳುತ್ತಾರೆ. ಅದಕ್ಕೆಂದೇ ಪ್ಯೂರ್‌ರೆಫ್‌ನಂಥ ತಂತ್ರಾಂಶಗಳಿವೆ. ತೊಂದರೆ ಏನೆಂದರೆ, ಅಂತರ್ಜಾಲದಲ್ಲಿ ಬೇಲೂರು ಎಂದು ಹುಡುಕಿದರೆ ಶಿಲಾಬಾಲಿಕೆಯರೇ ಸಾಲುಗಟ್ಟುತ್ತಾರೆ. ಗುಡಿ ನಿಂತ ಕಟ್ಟೆಯಾದ ಜಗತಿ ನೆಲವನ್ನು ಮುಟ್ಟುವ ಅಂಚು, ಮಳೆನೀರು ಹೋಗುವ ದಾರಿ, ಗೋಡೆ ತಿರುಗುವ ಮೂಲೆ ಇವುಗಳ ಚಿತ್ರ ತೆಗೆಯುವವರು ಕಡಿಮೆ. ಆಟಗಾರ ಮಾತ್ರ ಅಲ್ಲೆಲ್ಲ ಓಡಾಡುತ್ತಾನೆ. ಫೋಟೊ ಚೆಲುವನ್ನು ಕೊಟ್ಟೀತು. ಆ ಚೆಲುವು ಯಾವ ನಿಯಮದಿಂದ ಹುಟ್ಟಿತು ಎಂಬುದನ್ನು ನಾವೇ ಬಿಡಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಲೆವೆಲ್ ವಿನ್ಯಾಸದ ನಿಜವಾದ ಕಲಿಕೆ ಶುರುವಾಗುವುದೇ ಇಲ್ಲಿಂದ. ಹೊಯ್ಸಳ ಗುಡಿಗಳ ಮಟ್ಟಿಗಂತೂ ಈ ನಿಯಮಗಳು ಬೆರಗು ಹುಟ್ಟಿಸುವಷ್ಟು ಸ್ಪಷ್ಟವಾಗಿವೆ.

ನಕ್ಷತ್ರಾಕಾರದ ತಳವಿನ್ಯಾಸವನ್ನೇ ನೋಡಿ. ಒಂದು ಚೌಕ ಬರೆದು, ಅದರ ಕೇಂದ್ರವನ್ನು ಕದಲಿಸದೆ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ. ನಾಲ್ಕು ಚೌಕಗಳ ಮೂಲೆಗಳು ಸೇರಿ ಹದಿನಾರು ಮೊನೆಯ ನಕ್ಷತ್ರವಾಗುತ್ತದೆ. ಹದಿಮೂರನೇ ಶತಮಾನದಲ್ಲಿ ಪ್ರತಿಷ್ಠೆಯಾದ ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ಹೊರಮೈಯನ್ನು ಅರ್ಥಮಾಡಿಕೊಳ್ಳಲು ಈ ರೇಖಾಗಣಿತ ಸಾಕು. ಗೇಮ್ ಕಲಾವಿದರೂ ಕಂಪ್ಯೂಟರಿನಲ್ಲಿ ಇದನ್ನೇ ಮಾಡುತ್ತಾರೆ: ಒಂದು ತುಂಡು ರಚಿಸಿ, ಅದರ ಪ್ರತಿಗಳನ್ನು ಕೋನ ಬದಲಿಸಿ ಜೋಡಿಸುವುದು. ತಿರುಗಿಸಿ ಕಡೆದ ಹೊಳಪಿನ ಕಂಬಗಳದ್ದೂ ಇದೇ ಕಥೆ. ಕಂಬದ ಅರ್ಧ ಅಂಚಿನ ಗೆರೆಯೊಂದನ್ನು ಎಳೆದು ಅಕ್ಷದ ಸುತ್ತ ಸುತ್ತಿಸಿದರೆ ಇಡೀ ಕಂಬ ಸಿದ್ಧವಾಗುತ್ತದೆ. ಕೆಲವು ಥ್ರೀಡಿ ತಂತ್ರಾಂಶಗಳಲ್ಲಿ ಆ ಉಪಕರಣದ ಹೆಸರೇ ಲೇತ್.

ಗೋಡೆಯ ಬುಡದ ಪಟ್ಟಿಕೆಗಳು ಇನ್ನೂ ಸ್ವಾರಸ್ಯದವು. ಆನೆ, ಕುದುರೆ, ಬಳ್ಳಿ, ಪುರಾಣದ ದೃಶ್ಯ, ಮಕರ, ಹಂಸ ಹೀಗೆ ಒಂದರ ಮೇಲೊಂದು ಅಡ್ಡಸಾಲುಗಳು. ಗೇಮ್ ಕಲೆಯಲ್ಲಿ ‘ಟ್ರಿಮ್ ಶೀಟ್’ ಎಂಬ ತಂತ್ರವಿದೆ. ಒಂದೇ ಚಿತ್ರದಲ್ಲಿ ಹಲವು ಅಡ್ಡಪಟ್ಟಿಗಳನ್ನು ಜೋಡಿಸಿಟ್ಟು, ಎಷ್ಟು ಉದ್ದದ ಗೋಡೆಯಾದರೂ ಅದನ್ನೇ ಮತ್ತೆ ಮತ್ತೆ ಹಾಸುತ್ತ ಹೋಗುವುದು. ಇದರಿಂದ ಮೆಮೊರಿ ಉಳಿಯುತ್ತದೆ. ಹೊಯ್ಸಳ ಗೋಡೆ ಈ ತಂತ್ರಕ್ಕೆಂದೇ ಹುಟ್ಟಿದಂತಿದೆ, ಒಂದು ವ್ಯತ್ಯಾಸ ಬಿಟ್ಟರೆ. ಹಳೇಬೀಡಿನ ಆನೆಸಾಲಿನ ಮುಂದೆ ನಿಧಾನವಾಗಿ ನಡೆದು ನೋಡಿ: ಸೊಂಡಿಲ ತಿರುವು, ಹೆಜ್ಜೆಯ ಭಂಗಿ, ಆಭರಣ ಬದಲಾಗುತ್ತಲೇ ಹೋಗುತ್ತವೆ. ಕಂಪ್ಯೂಟರ್ ನಾಲ್ಕೈದು ಆನೆಗಳನ್ನು ಸುತ್ತಿಸಿ ಸುತ್ತಿಸಿ ತೋರಿಸಿದರೆ ಕಣ್ಣು ಅದನ್ನು ಬೇಗ ಹಿಡಿದುಬಿಡುತ್ತದೆ. ಆಟಗಾರ ಹತ್ತಿರ ನಿಂತು ನೋಡುವ ಕಡೆ ಶ್ರಮ ಸುರಿದು, ದೂರದ ಗೋಡೆಗೆ ಪುನರಾವರ್ತನೆ ಬಿಡುವುದೇ ಜಾಣತನ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಜಗತಿ. ಗುಡಿಯ ಆಕಾರವನ್ನೇ ಅನುಸರಿಸಿ ಸುತ್ತುವ ಈ ಕಟ್ಟೆ ಭಕ್ತರ ಪ್ರದಕ್ಷಿಣೆಯ ದಾರಿ. ಸೋಮನಾಥಪುರದಲ್ಲಿ ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತ ಹೋದರೆ ಪಟ್ಟಿಕೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತದ ಪ್ರಸಂಗಗಳು ತೆರೆದುಕೊಳ್ಳುತ್ತವೆ. ಗೋಡೆ ಮೊನೆಮೊನೆಯಾಗಿ ಮಡಚಿಕೊಂಡಿರುವುದರಿಂದ ಮುಂದಿನ ಫಲಕ ಪೂರ್ತಿ ಕಾಣುವುದಿಲ್ಲ. ಒಂದು ಹೆಜ್ಜೆ ಮುಂದಿಟ್ಟರಷ್ಟೇ ಕಾಣುತ್ತದೆ. ಬಾಣದ ಗುರುತು, ಸೂಚನಾಫಲಕ ಯಾವುದೂ ಇಲ್ಲದೆ ಕಾಲು ತಾನಾಗಿ ಮುಂದೆ ಸಾಗುತ್ತದೆ. ಆಟಗಾರನಿಗೆ ದಾರಿ ತೋರಿಸಲು ಹೆಣಗುವ ಪ್ರತಿ ವಿನ್ಯಾಸಕ ಅಲ್ಲೊಂದು ಸುತ್ತು ಹಾಕಲೇಬೇಕು.

ಕಲ್ಲಿನ ಗುಣಕ್ಕೂ ಗೌರವ ಸಲ್ಲಬೇಕು. ಬಳಪದ ಕಲ್ಲು ಮೃದು. ಅದಕ್ಕೇ ಉಗುರಿನಷ್ಟು ಸಣ್ಣ ಆಭರಣದ ಹಿಂದೆಯೂ ಉಳಿ ಓಡಾಡಿದೆ. ಹಂಪಿಯ ಒರಟು ಕಣಶಿಲೆಯ (ಗ್ರಾನೈಟ್) ಬಣ್ಣ, ಮೈಗಳಿಗೆ ಈ ಕುಸುರಿಯನ್ನು ಅಂಟಿಸಿದರೆ ಚಿತ್ರ ಚೆನ್ನಾಗಿಯೇ ಕಾಣಬಹುದು, ಆದರೆ ಅಂಥ ಗೋಡೆಯನ್ನು ನಂಬುವುದು ಕಷ್ಟ.

ಇದೇ ಕಲ್ಲು ಸ್ಕ್ಯಾನ್ ಮಾಡುವವರನ್ನು ಕಾಡುತ್ತದೆ. ಪೋಲೆಂಡಿನಲ್ಲಿ ತಯಾರಾಗಿ 2014ರಲ್ಲಿ ಬಂದ ‘ದ ವ್ಯಾನಿಶಿಂಗ್ ಆಫ್ ಈಥನ್ ಕಾರ್ಟರ್’ ಗೇಮಿನ ನಂತರ ಫೋಟೊಗ್ರಾಮೆಟ್ರಿ ಬಹಳ ಜನಪ್ರಿಯವಾಯಿತು. ಒಂದೇ ವಸ್ತುವಿನ ನೂರಾರು ಫೋಟೊಗಳನ್ನು ಒಂದರ ಮೇಲೊಂದು ಹಾಯುವಂತೆ ತೆಗೆದರೆ, ತಂತ್ರಾಂಶ ಎಲ್ಲದರಲ್ಲೂ ಕಾಣುವ ಅದೇ ಬಿಂದುಗಳನ್ನು ಗುರುತಿಸಿ, ಅವು ಎಷ್ಟು ಸರಿದವು ಎಂಬುದರಿಂದ ಆಳವನ್ನು ಲೆಕ್ಕಹಾಕುತ್ತದೆ. ಆದರೆ ಹೊಳೆಯುವ ಕಂಬದ ಮೇಲಿನ ಮಿಂಚು ಕಲ್ಲಿಗೆ ಅಂಟಿದ್ದಲ್ಲ. ಕ್ಯಾಮೆರಾ ಸರಿದಂತೆ ಅದೂ ಸರಿಯುತ್ತದೆ. ತಂತ್ರಾಂಶ ಮೋಸಹೋಗಿ ಕಂಬದ ಮೈಯಲ್ಲಿ ಇಲ್ಲದ ಗುಳಿ, ಉಬ್ಬುಗಳನ್ನು ಮೂಡಿಸುತ್ತದೆ. ಪರಿಹಾರ ಭೌತವಿಜ್ಞಾನದಲ್ಲಿದೆ. ದೀಪಕ್ಕೊಂದು, ಮಸೂರಕ್ಕೊಂದು ಧ್ರುವಕ ಫಿಲ್ಟರ್ ಹಾಕಿ, ಎರಡನ್ನೂ ಪರಸ್ಪರ ಲಂಬವಾಗಿ ತಿರುಗಿಸಬೇಕು. ಮೇಲ್ಮೈಯಿಂದ ನೇರ ಪುಟಿದ ಮಿಂಚು ತನ್ನ ಧ್ರುವೀಕರಣ ಉಳಿಸಿಕೊಂಡಿರುವುದರಿಂದ ಮಸೂರದ ಫಿಲ್ಟರಿನಲ್ಲಿ ತಡೆಯಲ್ಪಡುತ್ತದೆ. ಕಲ್ಲಿನೊಳಗೆ ಚದುರಿ ಬಂದ ಬೆಳಕು ಒಳಬಂದು ನಿಜಬಣ್ಣ ತೋರಿಸುತ್ತದೆ. ಹೊರಗೋಡೆಗಾದರೆ ಮೋಡ ಕವಿದ ದಿನವೇ ಒಳ್ಳೆಯದು, ಏಕೆಂದರೆ ಫೋಟೊದಲ್ಲಿ ಸಿಕ್ಕಿಬಿದ್ದ ನೆರಳು ಗೇಮಿನ ಸೂರ್ಯ ಬೇರೆ ದಿಕ್ಕಿನಲ್ಲಿದ್ದಾಗ ಎದ್ದು ಕಾಣುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌, ಡ್ರೋನ್‌ಗಳಿಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು.

ಅಳತೆಯ ನಕ್ಷೆಗಳು ಬೇಕೆನ್ನುವವರು ಆರ್. ನರಸಿಂಹಾಚಾರ್ ಮುಖ್ಯಸ್ಥರಾಗಿದ್ದ ಕಾಲದ ಮೈಸೂರು ಪುರಾತತ್ವ ಇಲಾಖೆಯ ಪ್ರಕಟಣೆಗಳನ್ನು ತೆರೆಯಲಿ. ಸೋಮನಾಥಪುರದ ಕುರಿತ ಅವರ ಪುಸ್ತಿಕೆ 1917ರದು. ಆಮೇಲೆ ನುಗ್ಗೇಹಳ್ಳಿ, ಜಾವಗಲ್, ಹೊಸಹೊಳಲು ಈ ಮೂರು ಊರಿನ ಗುಡಿಗಳನ್ನು ಒಂದರ ನಂತರ ಒಂದು ನೋಡಬೇಕು. ಮೂರೂ ತ್ರಿಕೂಟಗಳು, ಅಂದರೆ ಮೂರು ಗರ್ಭಗುಡಿಗಳುಳ್ಳವು. ಬೇಲೂರಿನ ಜನಜಂಗುಳಿ ಅಲ್ಲಿಲ್ಲದ್ದರಿಂದ ಟೇಪು ಹಿಡಿದು ಮೆಟ್ಟಿಲ ಎತ್ತರ, ಜಗತಿಯ ಅಗಲ ಬರೆದುಕೊಳ್ಳಲು ಬಿಡುವು ಸಿಗುತ್ತದೆ, ಮೂರನ್ನೂ ಹೋಲಿಸಿ ನೋಡಲೂ ಆಗುತ್ತದೆ: ಯಾವುದು ಎಲ್ಲ ಕಡೆಯೂ ಹಾಗೇ ಉಳಿದಿದೆ, ಯಾವುದನ್ನು ಆಯಾ ಊರಿನ ಶಿಲ್ಪಿ ತನಗೆ ಬೇಕಾದಂತೆ ಬದಲಿಸಿಕೊಂಡಿದ್ದಾನೆ ಎಂದು.