ಏಳು ಗೆರೆ, ಒಂದು ವಜ್ರ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಉಸಿರಾಡುವುದೇ ದೊಡ್ಡ ಕೆಲಸ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಒಳಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ಪದಾರ್ಥ ಇರಬೇಕು. ಅದು ಸಾಕಷ್ಟು ಕೂಡುವುದು ಬಸಿರಿನ ಕೊನೆಯ ವಾರಗಳಲ್ಲಿ. ಅದಿಲ್ಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಆ ಚೀಲಗಳು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಅಂಟಿಕೊಳ್ಳುತ್ತವೆ. ಮತ್ತೆ ಬಿಡಿಸಿಕೊಳ್ಳುವಷ್ಟು ತ್ರಾಣ ಆ ಎದೆಗೆ ಇರುವುದಿಲ್ಲ.

1960ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಹೆರಿಗೆ ಶುರುವಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಹೊಟ್ಟೆಯಲ್ಲಿದ್ದ ಮರಿಗೆ ಸ್ಟೀರಾಯ್ಡ್ ಕೊಟ್ಟು ನೋಡುತ್ತಿದ್ದರು. ಒಂದು ಮರಿ ಬದುಕಲಾರದಷ್ಟು ಬೇಗ ಹುಟ್ಟಿತು. ಆದರೂ ಉಸಿರಾಡುತ್ತಿತ್ತು. ಸ್ಟೀರಾಯ್ಡ್ ಅದರ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡಿತ್ತು. ಲಿಗಿನ್ಸ್ ಅದನ್ನು ಸುಮ್ನೆ ಬಿಡಲಿಲ್ಲ. ಮಕ್ಕಳ ವೈದ್ಯ ರಾಸ್ ಹೋವಿ ಅವರನ್ನು ಜೊತೆಗೆ ಸೇರಿಸಿಕೊಂಡು, ಬೇಗ ಹೆರಿಗೆ ಆಗಬಹುದಾದ 282 ತಾಯಂದಿರಲ್ಲಿ ಪರೀಕ್ಷೆ ನಡೆಸಿದರು. ಸ್ಟೀರಾಯ್ಡ್ ಇಂಜೆಕ್ಷನ್ ಪಡೆದ ತಾಯಂದಿರ ಮಕ್ಕಳಲ್ಲಿ ಸಾವು ಕಡಿಮೆ ಇತ್ತು. ಫಲಿತಾಂಶ 1972ರಲ್ಲಿ ಅಚ್ಚಾಯಿತು.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಬೇರೆ ಬೇರೆ ಕಡೆ ಇನ್ನಷ್ಟು ಪರೀಕ್ಷೆಗಳು ನಡೆದವು. ಹೆಚ್ಚಿನವು ಚಿಕ್ಕವು. ಚಿಕ್ಕ ಪರೀಕ್ಷೆಯಲ್ಲಿ ನಾಲ್ಕೈದು ಮಕ್ಕಳು ಬದುಕಿದರೂ ಹೋದರೂ ಲೆಕ್ಕ ತಿರುಗಿಬಿಡುತ್ತದೆ. ಒಂದೊಂದನ್ನೇ ಓದಿದ ವೈದ್ಯರಿಗೆ ‘ಖಾತ್ರಿ ಇಲ್ಲ’ ಅನ್ನಿಸಿದ್ದು ಸಹಜ. ಉತ್ತರ ಅಷ್ಟೂ ಪತ್ರಿಕೆಗಳಲ್ಲಿ ಚೂರುಚೂರಾಗಿ ಬಿದ್ದಿತ್ತು. ಕೂಡಿಸಿ ನೋಡಿದವರಿರಲಿಲ್ಲ.

ಕೂಡಿಸುವ ಆ ಕೆಲಸಕ್ಕೇ ಸಿಸ್ಟಮ್ಯಾಟಿಕ್ ರಿವ್ಯೂ ಅನ್ನುತ್ತಾರೆ. ಕೈಗೆ ಸಿಕ್ಕ ನಾಲ್ಕು ಲೇಖನ ಓದಿ ಅಭಿಪ್ರಾಯ ಹೇಳುವುದಲ್ಲ ಇದು. ಪ್ರಶ್ನೆ ಏನು, ಯಾವ ಅಧ್ಯಯನ ಒಳಗೆ, ಯಾವುದು ಹೊರಗೆ ಎಂದು ಮೊದಲೇ ಬರೆದಿಡಬೇಕು. ಅಚ್ಚಾಗದೆ ಉಳಿದವನ್ನೂ ಹುಡುಕಬೇಕು, ಯಾಕೆಂದರೆ ನಿರಾಸೆ ತಂದ ಫಲಿತಾಂಶಗಳೇ ಕಪಾಟಿನಲ್ಲಿ ಉಳಿಯುವುದು ಜಾಸ್ತಿ. ಇಬ್ಬರು ಬೇರೆ ಬೇರೆ ಕೂತು ಅಧ್ಯಯನಗಳನ್ನು ಆರಿಸಿ ಆಮೇಲೆ ತಾಳೆ ನೋಡಬೇಕು. ನನ್ನ ಮಟ್ಟಿಗೆ ಈ ಬೇಸರದ, ನಿಧಾನದ ಕೆಲಸ ಹೊಸ ಔಷಧಿ ಕಂಡುಹಿಡಿಯುವುದಕ್ಕಿಂತ ಕಡಿಮೆಯದಲ್ಲ.

ಈ ಚಿಕಿತ್ಸೆಯ ಮೊದಲ ಸಿಸ್ಟಮ್ಯಾಟಿಕ್ ರಿವ್ಯೂ ಬಂದದ್ದು 1989ರಲ್ಲಿ. ಲಿಗಿನ್ಸ್ ವರದಿಯಾಗಿ 17 ವರ್ಷದ ಮೇಲೆ! ಇಂಜೆಕ್ಷನ್‌ನಿಂದ ಮಗು ಸಾಯುವ ಸಂಭವ ಶೇ. 30ರಿಂದ 50ರಷ್ಟು ತಗ್ಗುತ್ತದೆ ಎಂದು ಗೊತ್ತಾಯಿತು. ಆ ನಡುವೆ ಬದುಕಬಹುದಾಗಿದ್ದ ಹತ್ತಾರು ಸಾವಿರ ಮಕ್ಕಳು ಸತ್ತಿರಬಹುದು ಎಂಬ ಅಂದಾಜಿದೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

1993ರಲ್ಲಿ ಇಯಾನ್ ಚಾಮರ್ಸ್ ಮತ್ತು ಗೆಳೆಯರು ಇಂಥ ರಿವ್ಯೂಗಳಿಗಾಗಿಯೇ ಕಾಕ್ರೇನ್ ಸಂಸ್ಥೆ ಕಟ್ಟಿದರು. ಅದರ ಲಾಂಛನ ಇದೇ ಕಥೆ. ನಡುವೆ ಒಂದು ಉದ್ದ ಗೆರೆ: ಅದರ ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಏಳು ಅಡ್ಡಗೆರೆಗಳು ಏಳು ಪರೀಕ್ಷೆಗಳು. ಗೆರೆ ಉದ್ದವಾದಷ್ಟೂ ಅನುಮಾನ ಜಾಸ್ತಿ. ಹೆಚ್ಚಿನವು ನಡುಗೆರೆಗೆ ತಾಗಿವೆ, ಅಂದರೆ ಒಂಟಿಯಾಗಿ ಏನನ್ನೂ ಖಚಿತವಾಗಿ ಹೇಳಲಾರವು. ಕೆಳಗೆ ಒಂದು ಪುಟ್ಟ ವಜ್ರದಾಕಾರ. ಏಳನ್ನೂ ಕೂಡಿಸಿದ ಉತ್ತರ ಅದು. ಪೂರ್ತಿ ಎಡಕ್ಕಿದೆ.

ಆದರೆ ಆ ಪರೀಕ್ಷೆಗಳು ಹೆಚ್ಚಾಗಿ ನಡೆದದ್ದು ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ. ನಮ್ಮ ಊರುಗಳಲ್ಲಿ? ಆರು ದೇಶಗಳ ದೊಡ್ಡ ಅಧ್ಯಯನವೊಂದರಲ್ಲಿ ನಮ್ಮ ಬೆಳಗಾವಿಯೂ ಇತ್ತು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಸಿತು. ಇಂಜೆಕ್ಷನ್ ಬಳಕೆ ಹೆಚ್ಚಿಸಿದ ಕಡೆ ಶಿಶುಗಳ ಸಾವು ತಗ್ಗುವ ಬದಲು ತುಸು ಏರಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಎಷ್ಟು ವಾರದ ಬಸಿರು ಎಂದು ಸರಿಯಾಗಿ ಗೊತ್ತಿಲ್ಲದೆ, ದಿನ ತುಂಬಿ ಹೆತ್ತ ಹಲವರಿಗೂ ಇಂಜೆಕ್ಷನ್ ಸಿಕ್ಕಿತ್ತು.

ವಿಶ್ವ ಆರೋಗ್ಯ ಸಂಸ್ಥೆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಿತು. ಈ ಸಲ ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳು, 2,852 ತಾಯಂದಿರು. ಸ್ಕ್ಯಾನಿಂಗ್‌ನಿಂದ ವಾರಗಳನ್ನು ಲೆಕ್ಕ ಹಾಕಿದರು. ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಅನುಕೂಲ ಇರುವ ಆಸ್ಪತ್ರೆಗಳನ್ನೇ ಆರಿಸಿದರು. ಸ್ಟೀರಾಯ್ಡ್ ಇಲ್ಲದ ಗುಂಪಿನಲ್ಲಿ ಶಿಶುಗಳ ಸಾವು ಶೇ. 23.5, ಇದ್ದ ಗುಂಪಿನಲ್ಲಿ ಶೇ. 19.6. ಲಾಭ ಇಷ್ಟು ಸ್ಪಷ್ಟವಾದ್ದರಿಂದ ಪರೀಕ್ಷೆಯನ್ನು ಮೊದಲೇ ನಿಲ್ಲಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು.