ಚುಕ್ಕಿಯ ಬಲಕ್ಕೆ ಯಾರ ಹೆಸರು?

ರೂಟ್ ಜೋನ್ ಅಂತ ಒಂದು ಫೈಲ್ ಇದೆ. ಗಾತ್ರ ಎರಡು ಎಂಬಿ ಆಸುಪಾಸು, ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊದಷ್ಟು. ವೆಬ್ ವಿಳಾಸದ ಕೊನೆಯ ಚುಕ್ಕಿಯ ಬಲಕ್ಕೆ ಬರುವ .ಕಾಮ್, .ಆರ್ಗ್, .ಇನ್ ಇಂಥ ಹೆಸರುಗಳೆಲ್ಲ ಅದರಲ್ಲೇ ಇವೆ. ಒಟ್ಟು 1,400ಕ್ಕೂ ಜಾಸ್ತಿ. ಇವೇ ಟಾಪ್ ಲೆವೆಲ್ ಡೊಮೇನ್‌ಗಳು. ಇಂಟರ್‌ನೆಟ್ ವಿಳಾಸವನ್ನು ಹುಡುಕುವುದು ಬಲದಿಂದ ಎಡಕ್ಕೆ. ‘.ಇನ್ ಯಾರ ಹತ್ತಿರ ಇದೆ?’ ಅನ್ನುವುದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಈ ಫೈಲ್‌ನಲ್ಲಿ ಸಿಗುತ್ತದೆ.

ಇದಕ್ಕೆ ಹೊಸ ಹೆಸರು ಸೇರಿಸುವುದು ನಾಲ್ಕಾರು ಸಾಲು ಬರೆಯುವ ಕೆಲಸ, ಅಷ್ಟೇ. ಯಾವ ಹೆಸರು, ಯಾರಿಗೆ ಅನ್ನುವುದು ತೀರ್ಮಾನ ಆಗಲು ಮಾತ್ರ ವರ್ಷಗಟ್ಟಲೆ ಹಿಡಿಯುತ್ತದೆ. ಒಂದು ಹೆಸರಿಗೆ ಒಬ್ಬರೇ ಒಡೆಯರು ಅಲ್ವಾ!

1984ರಲ್ಲಿ ಇಷ್ಟು ರಗಳೆ ಇರಲಿಲ್ಲ. .ಕಾಮ್, .ಎಜು, .ಗವ್ ಅಂತ ಬೆರಳೆಣಿಕೆಯ ಹೆಸರುಗಳು, ಜೊತೆಗೆ ದೇಶಕ್ಕೆ ಎರಡೆರಡು ಅಕ್ಷರ. ಈ ಹೆಸರುಗಳ ಉಸ್ತುವಾರಿಗೆ 1998ರಲ್ಲಿ ಹುಟ್ಟಿದ ಐಕಾನ್ ಸಂಸ್ಥೆ 2000ದಲ್ಲಿ .ಇನ್ಫೊ, .ಬಿಜ್, .ಮ್ಯೂಸಿಯಂ ಸೇರಿ ಏಳು ಹೆಸರು ಆರಿಸಿತು. ಆಮೇಲೆ ಬಾಗಿಲನ್ನೇ ತೆರೆದುಬಿಡೋಣ ಅಂತ 2005ರಲ್ಲಿ ನಿಯಮ ಬರೆಯಲು ಕೂತರು. ಆಡಳಿತ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2011ರ ಜೂನ್‌ನಲ್ಲಿ. ಮರುವರ್ಷ ಅರ್ಜಿ ಕರೆದರು. ಒಂದೊಂದಕ್ಕೂ 1,85,000 ಡಾಲರ್ ಶುಲ್ಕ. ಆದರೂ 1,930 ಅರ್ಜಿ ಬಂದವು.

ಯಾರದ್ದನ್ನು ಮೊದಲು ನೋಡುವುದು? ಗೊತ್ತುಮಾಡಿದ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿದವರದ್ದು ಅಂತ ಒಂದು ವಿಚಿತ್ರ ಪಂದ್ಯ ಹೂಡಿದರು. ‘ಡಿಜಿಟಲ್ ಬಿಲ್ಲುಗಾರಿಕೆ’ ಅಂತ ಅದಕ್ಕೆ ಹೆಸರು ಬೇರೆ! ಎಲ್ಲರೂ ಬೈದ ಮೇಲೆ ಅದನ್ನು ಕೈಬಿಟ್ಟು ನೂರು ಡಾಲರ್ ಟಿಕೆಟ್ಟಿನ ಲಾಟರಿ ಎತ್ತಿದರು. ಇಂಗ್ಲಿಷ್ ಅಲ್ಲದ ಲಿಪಿಗಳಿಗೆ ಮೊದಲ ಸರದಿ. ಒಂದನೇ ನಂಬರು ಬಂದದ್ದು ವ್ಯಾಟಿಕನ್‌ಗೆ, ‘ಕ್ಯಾಥೊಲಿಕ್’ ಅಂತ ಚೀನಿ ಲಿಪಿಯಲ್ಲಿ ಕೇಳಿದ ಹೆಸರಿಗೆ. ಒಂದೇ ಹೆಸರಿಗೆ ಹಲವರು ಬಿದ್ದಾಗ ಹರಾಜು. .ವೆಬ್ 2016ರಲ್ಲಿ 13.5 ಕೋಟಿ ಡಾಲರಿಗೆ ಹೋಯಿತು.

ದುಡ್ಡಿನಿಂದ ಬಗೆಹರಿಯದ ಜಗಳ .ಅಮೆಜಾನ್‌ನದು. ಕಂಪನಿ ತನ್ನ ಹೆಸರು ಕೇಳಿತು. ಅದು ನಮ್ಮ ನದಿಯ ಹೆಸರು ಅಂತ ಬ್ರೆಜಿಲ್ ಮತ್ತು ಪೆರು ತಕರಾರು ತೆಗೆದವು. ನಿಯಮಪುಸ್ತಕದಲ್ಲಿ ದೇಶ, ರಾಜಧಾನಿಗಳ ಹೆಸರಿಗೆ ರಕ್ಷಣೆ ಇತ್ತು, ನದಿಗೆ ಇರಲಿಲ್ಲ. 2014ರಲ್ಲಿ ಐಕಾನ್ ಅರ್ಜಿ ತಳ್ಳಿಹಾಕಿತು. 2017ರಲ್ಲಿ ಸ್ವತಂತ್ರ ಪರಿಶೀಲನಾ ಮಂಡಳಿ ಕಂಪನಿಯ ಪರ ನಿಂತಿತು. 2020ರಲ್ಲಿ ಹೆಸರು ಕಂಪನಿಯ ಪಾಲಾಯಿತು. ಅದು ನಮ್ಮ ನಾಡಿನ ಹೆಸರು, ಬೇಡ ಅಂತ ಅರ್ಜೆಂಟೀನಾ ಅಂದಾಗ ಪ್ಯಾಟಗೋನಿಯಾ ಬಟ್ಟೆ ಕಂಪನಿ ಮಾತ್ರ ಸುಮ್ನೆ ಹಿಂದೆ ಸರಿದಿತ್ತು. ನನ್ನ ಮನಸ್ಸು ನದಿಯ ಕಡೆಗೇ. ಆದರೆ ಆಟ ಶುರುವಾದ ಮೇಲೆ ನಿಯಮ ಬದಲಿಸಿದರೆ ಯಾರು ನಂಬುತ್ತಾರೆ?

ಮುಂದಿನ ಸುತ್ತಿನ ಅರ್ಜಿಗೆ ಐಕಾನ್ ಗೊತ್ತುಮಾಡಿದ ತಿಂಗಳು 2026ರ ಏಪ್ರಿಲ್. ಹದಿನಾಲ್ಕು ವರ್ಷದ ಅಂತರ. ಶುಲ್ಕ ಈಗ 2,27,000 ಡಾಲರ್. ಹಿಂದಿನ ಸಲ .ಫೋಟೊ ಮತ್ತು .ಫೋಟೋಸ್ ಎರಡನ್ನೂ ಬೇರೆ ಬೇರೆಯವರಿಗೆ ಕೊಟ್ಟು ಗೊಂದಲ ಆಗಿತ್ತು. ಈ ಸಲ ಒಂದು ಪದದ ಏಕವಚನ, ಬಹುವಚನಗಳಲ್ಲಿ ಒಂದು ಮಾತ್ರ ಸಿಗುತ್ತದೆ.

ನಮ್ಮ ಲಿಪಿಯಲ್ಲಿ .ಭಾರತ ಆಗಲೇ ರೂಟ್‌ನಲ್ಲಿದೆ, ದೇಶದ ಹೆಸರಿನ ಲೆಕ್ಕದಲ್ಲಿ. ಬೇರೆ ಕನ್ನಡ ಹೆಸರುಗಳು ಬರಬೇಕಾದರೆ ಯಾವ ಅಕ್ಷರ ಸಲ್ಲುತ್ತದೆ, ಯಾವುದರ ಪಕ್ಕ ಯಾವುದು ಬರಬಹುದು ಅನ್ನುವ ನಿಯಮ ಬೇಕು. ಅದನ್ನು ಬರೆದದ್ದು ಬ್ರಾಹ್ಮಿಯಿಂದ ಬಂದ ಒಂಬತ್ತು ಲಿಪಿಗಳನ್ನು ನೋಡಿಕೊಳ್ಳುವ ತಜ್ಞರ ತಂಡ. ಅವರಿಗೆ ಎದುರಾದ ತೊಡಕು ಬಳ್ಳಾರಿಯಿಂದ ಅನಂತಪುರಕ್ಕೆ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತು. ಕನ್ನಡದ ರ, ಲ, ಜ, ತೆಲುಗಿನ ರ, ಲ, ಜ ಬೋರ್ಡಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಅವು ಪೂರ್ತಿ ಬೇರೆ ಅಕ್ಷರಗಳು. ಕಳ್ಳರಿಗೆ ಇದಕ್ಕಿಂತ ಒಳ್ಳೆ ಅವಕಾಶ ಉಂಟೇ? ಅದಕ್ಕೇ ಇಂಥ ಜೋಡಿ ಅಕ್ಷರಗಳನ್ನು ಪಟ್ಟಿ ಮಾಡಿದ್ದಾರೆ. ಹೆಸರಿಡೀ ಅವುಗಳಿಂದಲೇ ಆಗಿದ್ದರೆ, ಒಂದು ಲಿಪಿಯಲ್ಲಿ ಕೊಟ್ಟ ಹೆಸರಿನ ಅವಳಿ ಇನ್ನೊಂದರಲ್ಲಿ ತಾನಾಗಿ ಬಂದ್.

ಇನ್ನೊಂದು ಕಟ್ಟಳೆ ಎಲ್ಲ ಲಿಪಿಗೂ ಒಂದೇ. ಕಣ್ಣಿಗೆ ಕಾಣದ ಅಕ್ಷರ ಕೂಡದು. ಕನ್ನಡ ಟೈಪ್ ಮಾಡುವವರಿಗೆ ಇದು ನೇರವಾಗಿ ತಟ್ಟುತ್ತದೆ. ‘ಸಾಫ್ಟ್‌ವೇರ್’ ಅಂತ ಬಿಡಿಸಿ ಬರೆಯುವಾಗ ಮಧ್ಯದಲ್ಲಿ ಅಂಥದ್ದೊಂದು ಅಕ್ಷರ ಅಡಗಿರುತ್ತದೆ. ಅದನ್ನು ತೆಗೆದರೆ ಉಳಿಯುವುದು ‘ಸಾಫ್ಟ್ವೇರ್’. ಹಾಗಾಗಿ ನಾಳೆ ಯಾರಾದರೂ ಈ ಹೆಸರಿಗೆ ಅರ್ಜಿ ಹಾಕಿದರೆ, ಎರಡು ಲಕ್ಷ ಚಿಲ್ಲರೆ ಡಾಲರ್ ಕಟ್ಟಿಯೂ ವಕಾರದ ಒತ್ತು ಕೊಟ್ಟೇ ಬರೆಯಬೇಕು.